ವರಾಛಾದ ಪುಟ್ಟ ರೈಲುಗಳು

ರೈಲಿನಲ್ಲಿ ಸೂರತ್ತನ್ನು ಹಾದುಹೋದ ಕನ್ನಡಿಗರು ಬಹಳ ಮಂದಿ. ಗಾಂಧಿಧಾಮ–ಬೆಂಗಳೂರು, ಅಜ್ಮೀರ್–ಮೈಸೂರು ಗಾಡಿಗಳು ಇಲ್ಲಿ ನಿಂತೇ ಮುಂದಕ್ಕೆ ಹೋಗುತ್ತವೆ. ಆ ಐದು ನಿಮಿಷದಲ್ಲಿ ಕಿಟಕಿಯಿಂದ ಕೈಚಾಚಿ ಖಮಣ್ ಕೊಂಡು, ಸೂರತ್ತನ್ನು ನೋಡಿದೆವೆಂದು ಊರಿನಲ್ಲಿ ಹೇಳಿಕೊಳ್ಳುವವರೂ ಉಂಟು. ಇಳಿದವರಾದರೂ ರಿಂಗ್ ರಸ್ತೆಯ ಸೀರೆ ಮಾರುಕಟ್ಟೆಗಳ ಕಡೆಗೆ ನಡೆಯುವರೇ ಹೊರತು, ಸ್ಟೇಷನ್ನಿನ ಮೂಡಲ ಮಗ್ಗುಲಿಗೆ ಬಂದು ವರಾಛಾ ರಸ್ತೆಯನ್ನು ಹಿಡಿಯುವವರು ಕಡಮೆ. ಅಲ್ಲಿ ನೋಡುವುದೇನಿದೆ ಎಂದು ಕೇಳುತ್ತಾರೆ. ಕೋಟೆಯಿಲ್ಲ, ಹೆಸರಾದ ದೇವಸ್ಥಾನವಿಲ್ಲ, ಉದ್ಯಾನವೆಂದು ಹೇಳುವಂಥದೂ ಇಲ್ಲ. ಇರುವುದು ಜನ, ಮತ್ತು ಜನರ ಕೈಕೆಲಸ.

ವರಾಛಾ ಎಂಬ ಹೆಸರಿನ ಊರುಗಳು ಎರಡು. ತಾಪಿ ನದಿಯ ಈಚೆಗೆ ನಾನಾ ವರಾಛಾ, ಆಚೆಗೆ ಮೋಟಾ ವರಾಛಾ. ಗುಜರಾತಿಯಲ್ಲಿ ನಾನಾ ಎಂದರೆ ಚಿಕ್ಕದು, ಮೋಟಾ ಎಂದರೆ ದೊಡ್ಡದು. ಹೊಸದಾಗಿ ಬಂದ ನಮ್ಮವರು ನಾನಾ ವರಾಛಾ ಎಂಬ ಫಲಕವನ್ನು ಕಂಡು, ನಾನಾ ಬಗೆಯ ವರಾಛಾಗಳಿವೆಯೋ ಏನೋ ಎಂದು ಗಾಬರಿಯಾಗುವುದುಂಟು. ಮೋಟಾ ವರಾಛಾದ ಪಕ್ಕಕ್ಕೇ ಉತ್ರಾಣ ಎಂಬ ಸಣ್ಣ ಸ್ಟೇಷನ್ನು. ವೇಗದ ಗಾಡಿಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಬಿ. ಬಿ. ಆಂಡ್ ಸಿ. ಐ. ರೈಲ್ವೆಯು ತನ್ನ ಮೊಟ್ಟಮೊದಲ ಹಳಿಯನ್ನು 1860ರಲ್ಲಿ ತೆರೆದದ್ದು ಅಂಕಲೇಶ್ವರದಿಂದ ಈ ಉತ್ರಾಣದವರೆಗೆ. ಪಶ್ಚಿಮ ರೈಲ್ವೆಯ ವಂಶವೃಕ್ಷದ ಬೇರು ಈ ಸಣ್ಣ ಪ್ಲಾಟ್‌ಫಾರಮ್ಮಿನ ಕೆಳಗಿದೆ ಎನ್ನಬಹುದು.

ವರಾಛಾದ ಜನರಲ್ಲಿ ಹೆಚ್ಚಿನವರು ಸೌರಾಷ್ಟ್ರದಿಂದ ಬಂದವರು. ಭಾವನಗರ, ಅಮರೇಲಿಗಳ ಕಡೆಯ ಒಕ್ಕಲುಮಕ್ಕಳು, ಮಳೆ ಕೈಕೊಟ್ಟಾಗ ನೇಗಿಲು ಬಿಟ್ಟು ವಜ್ರ ಉಜ್ಜಲು ಬಂದರು. ವಜ್ರ ಉಜ್ಜುವ ಚಕ್ರಕ್ಕೆ ಇಲ್ಲಿ ಘಂಟಿ ಎನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ವರು ಕುಳಿತು, ಸಾಸಿವೆಯಷ್ಟಿರುವ ಕಲ್ಲಿಗೆ ಐವತ್ತೇಳು ಮುಖ ಕೊರೆಯುತ್ತಾರೆ. ಮಿನಿ ಬಜಾರಿನಲ್ಲಿ ದಲಾಲರು ರಸ್ತೆಯ ಮೇಲೆಯೇ ನಿಂತು, ಮಡಿಸಿದ ಕಾಗದದ ಪೊಟ್ಟಣ ಬಿಚ್ಚಿ, ನಮ್ಮೂರ ಸಂತೆಯಲ್ಲಿ ವೀಳ್ಯದೆಲೆ ತಿರುವಿ ನೋಡುವಂತೆ ವಜ್ರಗಳನ್ನು ತಿರುವಿ ನೋಡುತ್ತಾರೆ. ಖಜೋದ್‌ನಲ್ಲಿ 2023ರ ಡಿಸೆಂಬರಿನಲ್ಲಿ ವಜ್ರದ ವ್ಯಾಪಾರಕ್ಕೆಂದೇ ದೊಡ್ಡ ಸೌಧವೊಂದು ಉದ್ಘಾಟನೆಯಾಯಿತು. ಆದರೂ ಬಿಸಿಲಿನಲ್ಲಿ ನಿಂತು ಕಲ್ಲು ನೋಡುವ ರೂಢಿ ವರಾಛಾವನ್ನು ಬಿಟ್ಟುಹೋಗಿಲ್ಲ. ಸೂರ್ಯನ ಬೆಳಕಿಗೆ ಬಾಡಿಗೆ ಕೊಡಬೇಕಾಗಿಲ್ಲವಷ್ಟೆ!

ಇಂಥ ಊರಿನಲ್ಲಿ ಸಣ್ಣ ವಸ್ತುವನ್ನು ದೊಡ್ಡ ಶ್ರದ್ಧೆಯಿಂದ ಮಾಡುವ ಕೈಗಳಿಗೆ ಕೊರತೆಯಿಲ್ಲ. ಅಂಥ ಒಂದು ಜೊತೆ ಕೈಗಳ ವಿಷಯವನ್ನೇ ನಾನು ಬರೆಯಹೊರಟದ್ದು.

ಹೀರಾಬಾಗಿನ ಹತ್ತಿರ ನನ್ನ ಸ್ನೇಹಿತರ ಮನೆಯಿದೆ. ಧಾರವಾಡದ ಕಡೆಯವರು, ರೊಟ್ಟಿಯ ಆಸೆಗೆ ನಾವು ಆಗಾಗ್ಗೆ ಹೋಗುವ ಮನೆ. ಅವರ ಮೇಲಿನ ಅಂತಸ್ತಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹಿರಿಯರಿದ್ದಾರೆ. ಕಟ್ಟಡಕ್ಕೆಲ್ಲ ಅವರು ಕಾಕಾ. ನಲವತ್ತು ವರ್ಷ ಘಂಟಿಯ ಮುಂದೆ ಕುಳಿತವರು. ಕಣ್ಣು ಸೋತ ಮೇಲೆ ವಜ್ರದ ಕೆಲಸ ಬಿಟ್ಟರು. ಕೈಯ ಅಭ್ಯಾಸ ಮಾತ್ರ ಬಿಡಲಿಲ್ಲ. ಈಗ ರೈಲು ಮಾಡುತ್ತಾರೆ. ಸೀರೆ ಅಂಗಡಿಗಳಿಂದ ಬರುವ ರಟ್ಟಿನ ಪೆಟ್ಟಿಗೆ, ಹಳೆಯ ಲಗ್ನಪತ್ರಿಕೆ, ತಾಮ್ರದ ಎಳೆ, ಗೋಂದು — ಇವಿಷ್ಟೇ ಬಂಡವಾಳ. ಗಾಲಿ ಮತ್ತು ಮೋಟಾರನ್ನು ಮಾತ್ರ ಹೊರಗಿನಿಂದ ತರಿಸುತ್ತಾರೆ.

ಅಳತೆಯಲ್ಲಿ ಅವರು ಬಲು ಕಟ್ಟುನಿಟ್ಟು. ನಿಜವಾದ ವಸ್ತುವಿನ ಎಂಬತ್ತೇಳರಲ್ಲಿ ಒಂದು ಪಾಲು, ಲೋಕದ ತುಂಬ ಮಾದರಿ ರೈಲಿನವರು ಒಪ್ಪಿಕೊಂಡ ಲೆಕ್ಕ. ನಮ್ಮ ಹಳೆಯ ಮಾದರಿಯ ಸ್ಲೀಪರ್ ಡಬ್ಬಿಯ ಉದ್ದ 21 ಮೀಟರು 34 ಸೆಂಟಿಮೀಟರು. ಕಾಕಾ ಅವರ ಮೇಜಿನ ಮೇಲೆ ಅದು ಇಪ್ಪತ್ತನಾಲ್ಕೂವರೆ ಸೆಂಟಿಮೀಟರು. ಅಗಲ ನಾಲ್ಕು ಬೆರಳಿಗೂ ಕಡಮೆ. ನಾನು ನನ್ನ ಎತ್ತರವನ್ನು ಹೇಳಿದೆ. ಅವರು ಲೆಕ್ಕ ಹಾಕಿ, ಎರಡು ಸೆಂಟಿಮೀಟರಿಗೆ ಕೂದಲೆಳೆ ಕಡಮೆ ಎಂದರು. ಕಚೇರಿಯಲ್ಲಿಯೂ ನನ್ನ ಗಾತ್ರ ಸುಮಾರು ಅಷ್ಟೇ ಎಂದದ್ದಕ್ಕೆ ಬಹಳ ನಕ್ಕರು.

ರೈಲನ್ನು ಚಿಕ್ಕದು ಮಾಡಿ ಆಡುವ ಹುಚ್ಚು ಗುಜರಾತಿಗೆ ಹೊಸದಲ್ಲ. ವಡೋದರೆಯ ಅರಮನೆಯ ಮಕ್ಕಳಿಗಾಗಿ ಹತ್ತು ಇಂಚಿನ ಹಳಿಯ ಪುಟ್ಟ ರೈಲೊಂದಿತ್ತು; ಆಮೇಲೆ ಅದು ಕಮಾಟೀಬಾಗಿಗೆ ಬಂದು ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಓಡಿತು. ಪುಣೆಯ ಕರ್ವೆ ರಸ್ತೆಯಲ್ಲಿ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ ಇದೆ. ಸಂಸಾರಸಮೇತ ಹೋಗಿ ನೋಡತಕ್ಕದ್ದು. ಇವೆಲ್ಲ ಸಂತೋಷದ ರೈಲುಗಳು. ಕಾಕಾ ಅವರ ಮನೆಗೆ ಹೋದ ಚಳಿಗಾಲದಲ್ಲಿ ಬಂದ ಕೋರಿಕೆ ಬೇರೆ ಬಗೆಯದು.

ಗಿರಾಕಿ ಹೊರಊರಿನವರು, ಅನುಕೂಲಸ್ಥರು, ಮಾತಿನಲ್ಲಿ ಸಭ್ಯರು. ಕಾಕಾ ಮಾಡಿದ ಸೌರಾಷ್ಟ್ರ ಮೇಲನ್ನು ಯಾರದೋ ಮನೆಯಲ್ಲಿ ನೋಡಿ ವಿಳಾಸ ಹುಡುಕಿಕೊಂಡು ಬಂದಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ ಡಬ್ಬಿ: ಸಾಬರ್ಮತಿ ಎಕ್ಸ್‌ಪ್ರೆಸ್ಸಿನ ಎಸ್-6. ಸುಟ್ಟು ಕರಿಯಾದ ಗೋಡೆ, ಬಾಗಿದ ಕಿಟಕಿಯ ಸರಳು, ಒಳಗೆ ಉರಿಯಂತೆ ಮಿನುಗುವ ಕೆಂಪು ದೀಪ. ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿವಾನಖಾನೆಯಲ್ಲಿ ಇಡುವುದಾಗಿ ಹೇಳಿದರು. ಮುಂಗಡವನ್ನೂ ಮೇಜಿನ ಮೇಲಿಟ್ಟರು.

ಗುಜರಾತಿನಲ್ಲಿರುವ ನಮ್ಮವರಿಗೆ ಆ ಡಬ್ಬಿಯ ಕಥೆಯನ್ನು ಹೇಳಬೇಕಾಗಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಎರಡು ಮಾತು. 2002ರ ಫೆಬ್ರವರಿ 27ರ ಬೆಳಗ್ಗೆ ಗೋಧ್ರಾ ಸ್ಟೇಷನ್ನಿನ ಹತ್ತಿರ ಆ ಡಬ್ಬಿಗೆ ಬೆಂಕಿಬಿದ್ದು 59 ಜನ ಸತ್ತರು. ಅವರಲ್ಲಿ ಅಯೋಧ್ಯೆಯಿಂದ ಹಿಂದಿರುಗುತ್ತಿದ್ದ ಕರಸೇವಕರಿದ್ದರು, ಹೆಂಗಸರಿದ್ದರು, ಮಕ್ಕಳಿದ್ದರು. ವಿಶೇಷ ನ್ಯಾಯಾಲಯವು 2011ರಲ್ಲಿ 31 ಮಂದಿಯನ್ನು ಅಪರಾಧಿಗಳೆಂದೂ 63 ಮಂದಿಯನ್ನು ನಿರ್ದೋಷಿಗಳೆಂದೂ ತೀರ್ಮಾನಿಸಿತು. 11 ಮಂದಿಗೆ ವಿಧಿಸಿದ್ದ ಮರಣದಂಡನೆಯನ್ನು ಹೈಕೋರ್ಟು 2017ರಲ್ಲಿ ಜೀವಾವಧಿಗೆ ಇಳಿಸಿತು. ಆ ಬೆಂಕಿಯ ಬೆನ್ನಿಗೇ ರಾಜ್ಯದಲ್ಲಿ ಹಬ್ಬಿದ ಗಲಭೆಗಳಲ್ಲಿ ಸತ್ತವರು, ಸರಕಾರ 2005ರಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದಂತೆಯೇ, ಸಾವಿರಕ್ಕೂ ಮೇಲೆ. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಸುಟ್ಟ ಡಬ್ಬಿ ವರ್ಷಗಟ್ಟಲೆ ಗೋಧ್ರಾದ ಯಾರ್ಡಿನಲ್ಲಿ ಪೊಲೀಸರ ಕಾವಲಿನಲ್ಲಿ ನಿಂತಿತ್ತು.

ಆ ಭಾನುವಾರ ನಾವು ಊಟ ಮುಗಿಸಿ ಮೇಲಕ್ಕೆ ಹೋದಾಗ ಮುಂಗಡದ ನೋಟುಗಳು ಗೋಂದಿನ ಶೀಶೆಯ ಕೆಳಗೆ ಹಾಗೆಯೇ ಇದ್ದವು. ಕಾಕಾ ಇನ್ನೂ ಒಪ್ಪಿರಲಿಲ್ಲ, ಒಲ್ಲೆನೆಂದೂ ಹೇಳಿರಲಿಲ್ಲ. "ಸಾಹೇಬ, ನೀವು ಓದಿದವರು. ಇದು ಮಾಡತಕ್ಕದ್ದೋ ಅಲ್ಲವೋ?" ಎಂದು ಕೇಳಿದರು. ಬಿ. ಎ. ಪದವಿಗೆ ಇಷ್ಟು ಕಠಿಣವಾದ ಪ್ರಶ್ನೆ ಅದುವರೆಗೆ ಎದುರಾಗಿರಲಿಲ್ಲ.

ನನ್ನ ಸ್ನೇಹಿತರ ಪತ್ನಿ, ನಾವು ಅತ್ತಿಗೆ ಎಂದು ಕರೆಯುವವರು, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬ್ಯಾಡಂತ ಹೇಳ್ರಿ. ಅದು ಮನ್ಯಾಗ ಇಡೂ ಸಾಮಾನಲ್ಲ" ಎಂದುಬಿಟ್ಟರು. ಸ್ನೇಹಿತರು ಅಷ್ಟು ಬೇಗ ಒಪ್ಪುವವರಲ್ಲ. ಗಿರಾಕಿ ಮರೆಯಬಾರದೆಂದು ಕೇಳುತ್ತಿದ್ದಾರೆ; ಮರೆಯುವುದು ಒಳ್ಳೆಯದೆಂದು ಹೇಳಲು ನಾವು ಯಾರು? ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ನಮ್ಮ ಬಳ್ಳಾರಿಗೂ ಅಂಥ ಒಂದು ಡಬ್ಬಿಯ ನಂಟಿದೆ. 1921ರ ನವೆಂಬರ್ 19ರ ಸಂಜೆ ಮಲಬಾರಿನ ತಿರೂರಿನಲ್ಲಿ ಸುಮಾರು ನೂರು ಕೈದಿಗಳನ್ನು ಒಂದೇ ಮುಚ್ಚಿದ ಸಾಮಾನಿನ ಡಬ್ಬಿಗೆ ತುರುಕಿ ರೈಲಿಗೆ ಜೋಡಿಸಿದರು. ಬಹುಪಾಲು ಮಾಪಿಳ್ಳೆಗಳು, ಕೆಲವರು ಹಿಂದೂಗಳು. ಒಯ್ಯುತ್ತಿದ್ದುದು ಬಳ್ಳಾರಿಯ ಸೆರೆಮನೆಗೆ. ನಡುರಾತ್ರಿ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಉಸಿರುಕಟ್ಟಿ ಸತ್ತಿದ್ದರು. ಕೊನೆಗೆ ಸತ್ತವರ ಸಂಖ್ಯೆ ಎಪ್ಪತ್ತರಷ್ಟಾಯಿತು. ಡಬ್ಬಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆಯದು. ಹುಬ್ಬಳ್ಳಿಯ ವರ್ಕ್‌ಷಾಪು ಯಾವ ಕಂಪನಿಯದಾಗಿತ್ತೋ ಅದೇ ಕಂಪನಿ. ತಿರೂರಿನ ಪುರಭವನಕ್ಕೆ ಈ ದುರಂತದ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಅಲ್ಲಿಯ ರೈಲ್ವೆ ಸ್ಟೇಷನ್ನಿನ ಗೋಡೆಯ ಮೇಲೆ ಆ ಡಬ್ಬಿಯ ಚಿತ್ರವನ್ನು ಬರೆಸಿದಾಗ ಆಕ್ಷೇಪಣೆ ಬಂದು, ಚಿತ್ರವನ್ನು ಅಳಿಸಲಾಯಿತು. ಅಳಿಸಿದ್ದರಿಂದ ಎಪ್ಪತ್ತರಲ್ಲಿ ಒಬ್ಬರೂ ಕಡಮೆಯಾಗಲಿಲ್ಲ. ಹೀಗಿರುವಾಗ, ಮಾಡದೆ ಬಿಡುವುದೇ ಯಾವಾಗಲೂ ಸಜ್ಜನಿಕೆ ಎಂದು ನಾನು ಕಣ್ಣುಮುಚ್ಚಿ ಹೇಳಲಾರೆ.

ಆದರೆ ಇಂಗ್ಲೆಂಡಿನವರು ಬೇರೊಂದನ್ನು ಕಂಡುಕೊಂಡರು. 1963ರ ಆಗಸ್ಟ್ 8ರಂದು ಟಪಾಲು ರೈಲನ್ನು ನಿಲ್ಲಿಸಿ ಇಪ್ಪತ್ತಾರು ಲಕ್ಷ ಪೌಂಡು ದೋಚಿದ ಪ್ರಸಿದ್ಧ ದರೋಡೆಯನ್ನು ಓದುಗರು ಕೇಳಿರಬಹುದು. ಕಳ್ಳರು ಕಥಾನಾಯಕರಾದರು, ಸಿನಿಮಾ ಆದರು. ತಲೆಗೆ ಪೆಟ್ಟು ತಿಂದ ಡ್ರೈವರ್ ಜಾಕ್ ಮಿಲ್ಸ್ ಆ ಬಳಿಕ ಮೊದಲಿನಂತಾಗಲೇ ಇಲ್ಲ, 1970ರಲ್ಲಿ ತೀರಿಕೊಂಡರು. ದರೋಡೆಯಾದ ಟಪಾಲಿನ ಡಬ್ಬಿಯನ್ನು ಏಳು ವರ್ಷ ಕಾಪಾಡಿ, ಅದೇ 1970ರಲ್ಲಿ ಪೊಲೀಸರ ಮತ್ತು ಟಪಾಲು ಅಧಿಕಾರಿಗಳ ಎದುರಿಗೆ ಸುಟ್ಟುಹಾಕಿದರು. ನೆನಪಿನ ಕಾಣಿಕೆಯೆಂದು ಜನ ತುಂಡುತುಂಡಾಗಿ ಒಯ್ಯಬಾರದೆಂದು. ಇದನ್ನು ಹೇಳಿದಾಗ ಕಾಕಾ ಬಹಳ ಹೊತ್ತು ಯೋಚಿಸಿದರು. "ಅವರು ಅಸಲನ್ನೇ ಸುಟ್ಟರು. ನಾನು ನಕಲನ್ನು ಮಾಡಿ ಸುಡಬೇಕು!" ಎಂದರು.

ನಾನು ಕೇಳಿಬಲ್ಲ ಇನ್ನೊಂದು ಪುಟ್ಟ ರೈಲಿನ ಸಂಗತಿಯನ್ನೂ ಹೇಳಿದೆ. ಬ್ರೆಂಡಾ ರೊಮೆರೊ ಎಂಬ ಅಮೆರಿಕದ ಮಹಿಳೆ 2009ರಲ್ಲಿ ಒಂದು ಆಟವನ್ನು ಕಟ್ಟಿದರು. ಹೆಸರು ರೈಲು ಎಂದಷ್ಟೇ. ಒಡೆದ ಕಿಟಕಿಯ ಗಾಜಿನ ಮೇಲೆ ಹಳಿಗಳು. ಆಡುವವರು ಹಳದಿ ಬಣ್ಣದ ಪುಟ್ಟ ಬೊಂಬೆಗಳನ್ನು ಗೂಡ್ಸ್ ಡಬ್ಬಿಗಳಿಗೆ ತುಂಬಿ, ಯಾರು ಮೊದಲು ಗುರಿಮುಟ್ಟುವರೋ ಎಂದು ಹುರುಪಿನಿಂದ ಓಡಿಸುತ್ತಾರೆ. ಕಡೆಯ ಸ್ಟೇಷನ್ನಿನ ಚೀಟಿಯನ್ನು ತಿರುವಿದಾಗ ಅಲ್ಲಿ ಆಶ್‌ವಿಟ್ಸ್ ಎಂದು ಬರೆದಿರುತ್ತದೆ — ನಾಜಿಗಳು ಯೆಹೂದ್ಯರನ್ನು ರೈಲಿನಲ್ಲಿ ತುಂಬಿ ತಂದು ಕೊಂದ ಜಾಗ. ಅಲ್ಲಿಗೆ ಆಟ ನಿಂತುಹೋಗುತ್ತದೆ. ಕೆಲವರು ಬೊಂಬೆಗಳನ್ನು ಇಳಿಸಲು ತೊಡಗುತ್ತಾರೆ. ಆ ಆಟವನ್ನು ಅಂಗಡಿಯಲ್ಲಿ ಮಾರಲಿಲ್ಲ. ಅದು ಪ್ರದರ್ಶನಗಳಿಗೆಂದೇ ಮಾಡಿದ ಒಂದೇ ಪ್ರತಿ. ಅದೂ ಘೋರವಾದ ಅಪರಾಧದ ಮಾದರಿ ರೈಲೇ. ಆದರೆ ನೋಡುವವನಿಗೆ ಅಲ್ಲಿ ಸುಖವಾಗಿ ಒರಗಿಕೊಳ್ಳಲು ಜಾಗವಿಲ್ಲ. ನಮ್ಮ ಗಿರಾಕಿಯ ಗಾಜಿನ ಪೆಟ್ಟಿಗೆಯ ಮುಂದೆ ಸೋಫಾ ಇರುತ್ತದೆ, ಪಕ್ಕದಲ್ಲಿ ಶಂಖವೂ ಬಿಳಿಯ ತಾಜಮಹಲೂ ಇರುತ್ತವೆ. ಚಹಾ ಕುಡಿಯುತ್ತ ಗುಂಡಿ ಒತ್ತಿದರೆ ಉರಿ ಮಿನುಗುತ್ತದೆ. ಮ್ಯೂಸಿಯಮ್ಮಿನಲ್ಲಿ ಸತ್ತವರ ಹೆಸರುಗಳ ಪಕ್ಕದಲ್ಲಿ ಇಂಥದೊಂದನ್ನು ಇಟ್ಟರೆ ನಾನು ಬೇಡವೆನ್ನುವುದಿಲ್ಲ. ದಿವಾನಖಾನೆಯ ಮಾತು ಬೇರೆ.

ಆಗ ಅತ್ತಿಗೆ, ಇಷ್ಟು ಹೊತ್ತು ಸುಮ್ಮನಿದ್ದವರು, ಕಾಕಾ ಅವರಿಗೇ ಗುಜರಾತಿಯಲ್ಲಿ ಕೇಳಿದರು: "ಕಾಕಾ, ಸರಥಾಣಾದ ಆ ಕಟ್ಟಡವನ್ನು ಯಾರಾದರೂ ಹೀಗೆ ಮಾಡಿ ದೀಪ ಹಚ್ಚಿದರೆ?"

ವರಾಛಾದಲ್ಲಿ ಈ ಮಾತನ್ನು ಹಗುರವಾಗಿ ಯಾರೂ ಆಡುವುದಿಲ್ಲ. ವರಾಛಾ ರಸ್ತೆಯನ್ನೇ ಹಿಡಿದು ಮೂಡಲಿಗೆ ಹೋದರೆ ಕಪೋದ್ರಾ ದಾಟಿ ಸರಥಾಣಾ ಜಕಾತ್‌ನಾಕಾ ಬರುತ್ತದೆ. 2019ರ ಮೇ 24ರಂದು ಅಲ್ಲಿನ ತಕ್ಷಶಿಲಾ ಆರ್ಕೇಡ್ ಎಂಬ ಕಟ್ಟಡಕ್ಕೆ ಬೆಂಕಿ ತಗುಲಿತು. ಮೇಲಂತಸ್ತಿನ ಪಾಠದ ಕೋಣೆಯಲ್ಲಿದ್ದ ಮಕ್ಕಳು ಕೆಳಗಿಳಿಯಲು ದಾರಿಯಿಲ್ಲದೆ ಕಿಟಕಿಗಳಿಂದ ಧುಮುಕಿದರು. ಅಗ್ನಿಶಾಮಕ ದಳದವರ ಏಣಿ ಅಲ್ಲಿಯವರೆಗೆ ಮುಟ್ಟಲಿಲ್ಲ. ಸತ್ತವರು 22. ಬೀದಿಯಲ್ಲಿ ಕೆಲವರು ಕೈಚಾಚಿ ಮಕ್ಕಳನ್ನು ಹಿಡಿದರು. ಕೆಲವರು ಫೋನೆತ್ತಿ ಚಿತ್ರ ಹಿಡಿದರು. ಆ ಚಿತ್ರಗಳು ಅದೇ ಸಂಜೆ ದೇಶವನ್ನೆಲ್ಲ ಸುತ್ತಿದವು. ಅವನ್ನು ನೋಡಿದ ಯಾರಿಗೂ ಅದರಿಂದ ಏನೂ ತಿಳಿದಂತಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಕಿಯ ತನಿಖೆ, ಪಾಠದ ತರಗತಿಗಳ ಮೇಲೆ ಕಟ್ಟುನಿಟ್ಟು, ಎಲ್ಲವೂ ಆಮೇಲೆ ಬಂದವು. ಆದರೆ ವರಾಛಾದ ತಾಯಂದಿರ ಎದುರಿಗೆ ಆ ಚಿತ್ರವನ್ನು ತೆಗೆದು ತೋರಿಸುವ ಧೈರ್ಯ ಯಾರಿಗಿದೆ?

ಕಾಕಾ ಚಿಮಟವನ್ನು ಕೆಳಗಿಟ್ಟರು. ಅವರ ಅಕ್ಕನ ಮನೆ ಅದೇ ನಾಕಾದ ಹತ್ತಿರ. ಗೋಧ್ರಾದಲ್ಲಿ ಸುಟ್ಟುಹೋದವರಿಗೂ ತಾಯಂದಿರಿದ್ದರು. ಅವರೂ ಯಾವಾಗಲೋ ಒಂದು ದಿನ ಯಾರದೋ ದಿವಾನಖಾನೆಗೆ ಅತಿಥಿಗಳಾಗಿ ಬರಬಹುದು. ಇದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಾಕಾ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ರೈಲೆಂದರೆ ಒಂದು ಡಬ್ಬಿಯಲ್ಲ, ಭಾಯಿ. ಈ ಡಬ್ಬಿಯನ್ನು ಮಾಡಿದರೆ ಇದರ ಹಿಂದೆ ಜೋಡಿಸಬೇಕಾದ ಡಬ್ಬಿಗಳು ಎಷ್ಟಾಗುತ್ತವೆ? ಒಂದರಲ್ಲಿ 72 ಜನ. ಸಾವಿರ ಜನಕ್ಕೆ ಹದಿನಾಲ್ಕು ಡಬ್ಬಿ. ಗಿರಾಕಿಗೆ ಒಂದೇ ಸಾಕಂತೆ." ಸ್ಲೀಪರ್ ಡಬ್ಬಿಯಲ್ಲಿ ಮಲಗುವ ಜಾಗ 72 ಎಂಬುದನ್ನು ಓದುಗರು ಬಲ್ಲರು. ಲೆಕ್ಕ ಸರಿಯಾಗಿಯೇ ಇತ್ತು. 1992ರ ಡಿಸೆಂಬರಿನಲ್ಲಿ ಸೂರತ್ ಗಲಭೆಗೆ ಸಿಕ್ಕಾಗ ಈ ವರಾಛಾ ರಸ್ತೆಯೂ ಹೊರತಾಗಿರಲಿಲ್ಲ. ಕಾಕಾ ಆಗ ನಲವತ್ತರ ಹತ್ತಿರದವರು, ಕಣ್ಣು ಚೆನ್ನಾಗಿ ಕಾಣುತ್ತಿದ್ದ ಕಾಲ. ಆ ದಿನಗಳ ಸುದ್ದಿಯನ್ನು ಅವರು ಎತ್ತುವುದಿಲ್ಲ, ನಾನೂ ಕೇಳಿಲ್ಲ.

ಮುಂಗಡವನ್ನು ಅವರು ಮಾರನೆಯ ದಿನವೇ ಹಿಂದಕ್ಕೆ ಕಳುಹಿಸಲಿಲ್ಲ. ನಾನು ಬೇಡವೆಂದು ಹೇಳಿಬಿಟ್ಟಿದ್ದೆ. ಅವರು ತಲೆಯಾಡಿಸಿ, ತಮ್ಮ ದಾರಿಯನ್ನು ತಾವು ಹಿಡಿದರು. ಎರಡು ತಿಂಗಳು ಕೂತು ಎಸ್-6 ಡಬ್ಬಿಯನ್ನು ಮಾಡಿಯೇ ಮಾಡಿದರು. ಬೆಂಕಿ ಬೀಳುವ ಮೊದಲಿನ ರಾತ್ರಿ ಅದು ಹೇಗಿದ್ದಿರಬೇಕೋ ಹಾಗೆ. ಕಿಟಕಿಗಳೆಲ್ಲ ಇಳಿಸಿವೆ. ಒಂದೇ ಒಂದು ಕಿಟಕಿ ಅರ್ಧ ಎತ್ತಿದೆ. ಅದರೊಳಗೆ ಭೂತಗನ್ನಡಿ ಹಿಡಿದು ನೋಡಿದರೆ ಕೆಳಗಿನ ಮಣೆಯ ಮೇಲೆ ಒಂದು ತಿಂಡಿಯ ಡಬ್ಬ, ಹಾಸಿನ ಸುರುಳಿ, ಒಂದು ಜೊತೆ ಚಪ್ಪಲಿ. ಮನುಷ್ಯರ ಬೊಂಬೆಗಳನ್ನು ಇಡಲಿಲ್ಲ. ಎರಡು ಸೆಂಟಿಮೀಟರಿನ ಮನುಷ್ಯನಿಗೆ ಮುಖ ಬರೆಯಲಾಗುವುದಿಲ್ಲ, ಮುಖವಿಲ್ಲದವರನ್ನು ಆ ಡಬ್ಬಿಯಲ್ಲಿ ಕೂರಿಸಲಾರೆ ಎಂದರು.

ಗಿರಾಕಿ ಬಂದು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರಂತೆ. "ಇದು ಯಾವ ಗಾಡಿಯ ಎಸ್-6 ಬೇಕಾದರೂ ಆಗಬಹುದಲ್ಲ" ಎಂದರಂತೆ. "ಹೌದು" ಎಂದರಂತೆ ಕಾಕಾ. ಮುಂಗಡವನ್ನು ಎಣಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಜಗಳವೇನೂ ಆಗಲಿಲ್ಲ, ಚಹಾ ಕುಡಿದೇ ಹೋದರು.

ನನಗೆ ಈ ವಿಷಯದಲ್ಲಿ ಕಾಕಾ ಅವರೊಡನೆ ಪೂರ್ತಿ ಒಮ್ಮತವಿಲ್ಲ. ಮಾಡಬಾರದೆಂದು ನಿಶ್ಚಯಿಸಿದ ಮೇಲೆ ಮಾಡದೆಯೇ ಬಿಡಬಹುದಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ತಿಂಡಿಯ ಡಬ್ಬವನ್ನು ನೋಡಿದ ಮೇಲೆ ವಾದಕ್ಕೆ ಬಾಯಿ ಬರುವುದಿಲ್ಲ. ಡಬ್ಬಿ ಈಗ ಅವರ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಹಳಿಯ ಮೇಲೆ ಇಡುವುದಿಲ್ಲ. ಮಕ್ಕಳು ಕೇಳಿದರೆ, ಅದು ಓಡುವ ಗಾಡಿಯಲ್ಲ ಎನ್ನುತ್ತಾರೆ.

ಹಳಿಯ ಮೇಲೆ ಓಡುವ ಗಾಡಿಗಳು ಬೇಕಾದಷ್ಟಿವೆ. ಸೌರಾಷ್ಟ್ರ ಮೇಲಿನ ಹೊಸ ಪ್ರತಿ, ಮೀಟರ್ ಗೇಜಿನ ಒಂದು ಹಬೆಯ ಎಂಜಿನ್, ಉತ್ರಾಣ ಸ್ಟೇಷನ್ನಿನ ಬೇವಿನ ಮರ. ನೋಡಬೇಕೆಂಬ ಕುಟುಂಬಗಳು ದೀಪಾವಳಿಯ ರಜೆಯಲ್ಲಿ ಮಾತ್ರ ಹೋಗಬಾರದು. ಆಗ ವಜ್ರದ ಕಾರ್ಖಾನೆಗಳು ಬಾಗಿಲು ಹಾಕಿ ಅರ್ಧ ವರಾಛಾ ಬಸ್ಸು ಹತ್ತಿ ಸೌರಾಷ್ಟ್ರದ ಹಳ್ಳಿಗಳಿಗೆ ಹೊರಟಿರುತ್ತದೆ, ಕಾಕಾ ಕೂಡ. ಉಳಿದ ಭಾನುವಾರಗಳಲ್ಲಿ ಮಧ್ಯಾಹ್ನದ ಮೇಲೆ ಹೋದರೆ ಒಳ್ಳೆಯದು.

ಈಗ ಅವರು ಅಜ್ಮೀರ್–ಮೈಸೂರು ಗಾಡಿಯನ್ನು ಹಿಡಿದಿದ್ದಾರೆ. ಡಬ್ಬಿಯ ಪಕ್ಕದ ಫಲಕದಲ್ಲಿ ಹಿಂದಿ, ಇಂಗ್ಲಿಷಿನ ಜೊತೆಗೆ ಕನ್ನಡವೂ ಇರಬೇಕಲ್ಲ! ನಾನು ಒಂದು ಚೀಟಿಯಲ್ಲಿ ದೊಡ್ಡದಾಗಿ ಮೈಸೂರು ಎಂದು ಬರೆದುಕೊಟ್ಟೆ. ಅದನ್ನು ಅಕ್ಕಿಕಾಳಿನಷ್ಟು ಅಗಲದ ಪಟ್ಟಿಯ ಮೇಲೆ ಒಂದೇ ಕೂದಲಿನ ಕುಂಚದಿಂದ ತೆಗೆಯುತ್ತಿದ್ದಾರೆ. ಮೈ ಸರಿಯಾಗಿ ಬಂದಿದೆ, ಸೂ ಕೂಡ ಪರವಾಗಿಲ್ಲ. ಕಡೆಯ ರು ಎಂಬುದರ ಕೊಂಬು ಮಾತ್ರ ಮೂರು ಸಲ ಬರೆದರೂ ದೀರ್ಘವಾಗಿ ರೂ ಆಗಿಬಿಡುತ್ತಿದೆ. ನಾಲ್ಕನೆಯ ಸಲಕ್ಕೆ ಅತ್ತಿಗೆಯನ್ನು ಮೇಲಕ್ಕೆ ಕರೆದಿದ್ದಾರೆ.